ಬಹ್ಲಾದ ಭರಣಿ

"ಅದ್ರಲ್ಲಿ ನೀರು ಹಾಕ್ಬೇಡ!"

ಎಲಿಯಾಸ್ ಕೂಗಿದ್ದಕ್ಕೆ ಹಿಲ್ಡಾಳ ಕೈಯಲ್ಲಿದ್ದ ನೀರಿನ ಕ್ಯಾನು ತುಳುಕಿ ಅಡುಗೆಮನೆಯ ನೆಲ ಒದ್ದೆಯಾಯಿತು.

"ಎಂತ ಎಲಿಯಾಸಾಬ್, ಹೆದರಿಸಿಬಿಟ್ರಿ! ಸ್ಮಶಾನದಿಂದ ಬರುವವರಿಗೆ ತಣ್ಣೀರು ಬೇಡ್ವಾ? ಮಣ್ಣಿನ ಭರಣಿ ಸುಮ್ಮನೆ ಮೂಲೆಯಲ್ಲಿ ಕೂತಿತ್ತು."

"ಅದು ಡೊರೊತಿಯದ್ದು."

"ಈ ಮನೆಯಲ್ಲಿ ಅವಳದ್ದಲ್ಲದ್ದು ಎಂತ ಉಂಟು," ಎಂದು ಪಕ್ಕದ ಫ್ಲ್ಯಾಟಿನ ಹಿಲ್ಡಾ ದನಿ ತಗ್ಗಿಸಿದಳು.

ಬಾಲ್ಕನಿಯ ಹಗ್ಗದಲ್ಲಿ ಅವಳು ಉಪ್ಪು ಸವರಿ ಹಾಕಿದ್ದ ಸಾಸಿವೆ ಸೊಪ್ಪು ಇನ್ನೂ ಒಣಗುತ್ತಿತ್ತು. ಆ ವಾಸನೆಗಾಗಿ ಇಡೀ ಕಟ್ಟಡವೇ ಅವನ ಹೆಂಡತಿ ಡೊರೊತಿಯ ಜೊತೆ ಜಗಳವಾಡಿತ್ತು. ಈವತ್ತು ಮಾತ್ರ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.

ಮಗಳು ಹೇಝಲ್ ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಅವಳ ಮುಖ ಬಾತಿತ್ತು.

"ವ್ಯಾನ್ ಬಂತು ಪಪ್ಪಾ. ಈಗಲೂ ಹೇಳಿ, ಮಮ್ಮಿಯನ್ನು ಮಂಗ್ಳೂರಿಗೇ ಕಳ್ಸುವ. ಪೇಪರ್ಸ್ ಎಲ್ಲ ನಾನು ನೋಡ್ಕೊಳ್ತೇನೆ. ಮುಂದಿನ ತಿಂಗಳು ನಿಮ್ಮ ವೀಸಾ ಮುಗೀತದೆ, ನಾನು ದುಬೈಗೆ ಹೋಗ್ತೇನೆ. ಮಸ್ಕತ್‌ನಲ್ಲಿ ಮಮ್ಮಿ ಒಬ್ಬಳೇ ಆಗ್ತಾಳೆ."

"ಸತ್ತಲ್ಲೇ ಮೊದಲ ಮಣ್ಣು ಅಂದಿದ್ದಾಳೆ. ಪೆಟ್ಟಿಗೆಯಲ್ಲಿ ಹಾಕಿ ವಿಮಾನದ ಹೊಟ್ಟೆಯೊಳಗೆ ತುರುಕಬೇಡಿ ಅಂದಿದ್ದಾಳೆ. ಮಾತು ಕೊಟ್ಟಿದ್ದೇನೆ."

"ಎರಡನೇ ಮಣ್ಣಿಗೂ ಮಾತು ಕೊಟ್ಟಿದ್ದೀರಲ್ಲ?"

ಎಲಿಯಾಸ್ ಭರಣಿಯ ಕಡೆ ನೋಡಿದ.

* * *

ಮಸ್ಕತ್‌ನ ರೂವಿಯ ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದ ಕಲ್ಕತ್ತೆಯ ಚೀನೀ ಹುಡುಗಿ ಡೊರೊತಿ ಸಿಗುವ ತನಕ, ಹಕ್ಕಾ ಎಂದರೆ ನೂಡಲ್ಸ್ ಎಂದೇ ಎಲಿಯಾಸ್ ತಿಳಿದಿದ್ದ.

"ನಾವು ಜನ ಮಾರಾಯಾ, ತಿಂಡಿ ಅಲ್ಲ," ಎಂದು ಅವಳು ಮದುವೆಯ ನಂತರ ಅವನಿಂದಲೇ ಕಲಿತ ಮಾತಿನಲ್ಲಿ ಗದರುತ್ತಿದ್ದಳು.

ಅವಳ ಅಜ್ಜಿ ಹುಟ್ಟಿದ್ದು ಚೀನಾದ ಗುಡ್ಡಗಾಡು ಜಿಲ್ಲೆ ಮೇಯ್‌ಶಿಯನ್‌ನಲ್ಲಿ. ಲಾಳದಂತೆ ಬಾಗಿದ ದೊಡ್ಡ ಮನೆ, ಎದುರಿಗೆ ಅರ್ಧಚಂದ್ರದ ಕೆರೆ, ಒಂದು ಮನೆತನವೆಲ್ಲ ಒಂದೇ ಸೂರಿನಡಿ. ಸೌದೆಗೆ ಹೋದ ಹೆಂಗಸರು ಈ ಗುಡ್ಡದಿಂದ ಒಂದು ಸಾಲು ಹಾಡಿ, ಆಚೆ ಗುಡ್ಡದಿಂದ ಉತ್ತರದ ಸಾಲು ಬರುವವರೆಗೆ ಕಾಯುತ್ತಿದ್ದರಂತೆ. ಡೊರೊತಿ ಆ ಊರನ್ನು ಕಂಡವಳಲ್ಲ. ಆದರೂ ಪಾತ್ರೆ ತೊಳೆಯುವಾಗ ಒಂದು ಸಾಲು ಹಾಡಿ ಸುಮ್ಮನಾಗುತ್ತಿದ್ದಳು.

ಮಡಕೆಗೆ ಹೆಸರಾದ ಒಮಾನಿನ ಬಹ್ಲಾದಲ್ಲಿ, ಕುಂಬಾರನ ಅಂಗಡಿಯಲ್ಲಿ ಒಂದು ದಿನ ಅವಳು ಸ್ಟೂಲಿನ ಮೇಲೆ ಕೂತು, ತನ್ನ ಮೊಣಕಾಲಿನಿಂದ ಸೊಂಟದವರೆಗೆ ಗೇಣು ಹಾಕಿ ಅಳೆದಿದ್ದಳು.

"ನಮ್ಮಲ್ಲಿ ಮೊದಲು ಹೂಳುತ್ತಾರೆ. ವರ್ಷಗಳು ಕಳೆದ ಮೇಲೆ ತೆಗೆದು, ಎಲುಬು ತೊಳೆದು, ಇಂಥ ಭರಣಿಯಲ್ಲಿ ಕೂರಿಸುತ್ತಾರೆ. ತೊಡೆಯ ಎಲುಬು ಹಿಡಿಸಿದರೆ ಎಲ್ಲವೂ ಹಿಡಿಸ್ತದೆ. ಊರು ಬಿಡುವಾಗ ಹೊತ್ತುಕೊಂಡು ಹೋಗ್ತೇವೆ. ನಮ್ಮವರನ್ನು ಹಿಂದೆ ಬಿಟ್ಟು ಹೋಗುವುದಿಲ್ಲ ನಾವು."

ನಂತರ ಕುಂಬಾರನಿಗೆ ಕೈಸನ್ನೆಯಲ್ಲಿ ಇನ್ನೂ ನಾಲ್ಕು ಬೆರಳು ಎತ್ತರ ಸೇರಿಸಲು ಹೇಳಿದಳು.

"ಎಂತ, ನೀನು ಇನ್ನೂ ಉದ್ದ ಆಗ್ತೀಯಾ?" ಎಂದು ಎಲಿಯಾಸ್ ಚುಡಾಯಿಸಿದ್ದ.

ಅವಳು ನಕ್ಕಳು.

"ಆಯ್ತು ಮಾರಾಯ್ತಿ, ನಿನ್ನನ್ನು ನಾನೇ ಹೊತ್ತುಕೊಂಡು ಹೋಗ್ತೇನೆ," ಎಂದು ಅವನು ಮಾತು ಕೊಟ್ಟಿದ್ದ.

* * *

ಬೋಳು ಗುಡ್ಡಗಳ ನಡುವಿನ ಸ್ಮಶಾನದಲ್ಲಿ ಬಿಸಿಲು ಕಲ್ಲಿನಿಂದಲೇ ಏಳುತ್ತಿತ್ತು. ಪಾದ್ರಿಗಳು ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆ ಇನ್ನೂ ಗುಂಡಿಯ ಅಂಚಿನಲ್ಲಿತ್ತು. ಇಂಥ ಕೆಲಸಗಳಿಗೆಲ್ಲ ಓಡಾಡುವ ಜೋಸ್ಟನ್‌ನನ್ನು ಎಲಿಯಾಸ್ ಪಕ್ಕಕ್ಕೆ ಕರೆದ.

"ಕೆಲವು ವರ್ಷ ಬಿಟ್ಟು ಇದನ್ನು ತೆಗೀಲಿಕ್ಕೆ ಬಿಡ್ತಾರಾ? ಎಲುಬು ಮಾತ್ರ."

ಜೋಸ್ಟನ್ ಸುತ್ತ ನೋಡಿದ. "ಮೆಲ್ಲ ಮಾತಾಡಿ ಮಾರಾಯ್ರೆ. ಒಮ್ಮೆ ಮುಚ್ಚಿದ್ರೆ ಖಲಾಸ್. ತೆಗೀಲಿಕ್ಕೆ ನಿಮಗೆ ಯಾರು ಪರ್ಮಿಷನ್ ಕೊಡ್ತಾರೆ, ಅದೂ ವೀಸಾ ಇಲ್ಲದೆ?"

"ಊರಲ್ಲಿ ಗುಂಡಿ ತೆಗೆದು ಇನ್ನೊಬ್ಬರನ್ನು ಹಾಕ್ತಾರಲ್ಲ?"

"ಅದು ಊರು."

ಹೇಝಲ್ ಅವನನ್ನೇ ನೋಡುತ್ತಿದ್ದಳು. "ಪಪ್ಪಾ, ಇಲ್ಲಿ ಬೇಡ ಅಂದ್ರೆ ಈಗಲೇ ಹೇಳಿ."

ಹೇಳಿದರೆ ಡೊರೊತಿ ಬೇಡವೆಂದ ವಿಮಾನ. ಹೇಳದಿದ್ದರೆ ಅವಳಿಗೆ ಯಾರೂ ಇಲ್ಲದ ಈ ಗುಡ್ಡ. ಎರಡು ಮಾತಿನಲ್ಲಿ ಒಂದನ್ನಷ್ಟೇ ಉಳಿಸಿಕೊಳ್ಳಬಹುದಿತ್ತು. ಎಲಿಯಾಸ್ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡ. ಅದು ಬೆಚ್ಚಗಿತ್ತು.

"ಇಳಿಸಿ," ಎಂದ.

* * *

ಸ್ಮಶಾನದಿಂದ ಬಂದವರೆಲ್ಲ ಹಾಲ್‌ನಲ್ಲಿ ಬಾಟಲಿ ನೀರು ಕುಡಿಯುತ್ತ ಕೂತಿದ್ದರು. ಎಲಿಯಾಸ್ ಭರಣಿಯನ್ನು ಎತ್ತಿಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಇದನ್ನಿನ್ನು ಎಲ್ಲಿಡುವುದು? ಮಂಚದ ಮೇಲೆ ಕಾಲು ಚಾಚಿ ಕೂತು, ಅವಳು ಮಲಗುತ್ತಿದ್ದ ಜಾಗದಲ್ಲಿ ಅದನ್ನು ಮಲಗಿಸಿದ.

ಭರಣಿಯ ತಳ ಅವನ ಮೊಣಕಾಲಿಗೆ ಬಂದಿತ್ತು. ಬಾಯಿ ಸೊಂಟಕ್ಕೆ.

ಡೊರೊತಿಯ ತಲೆ ಅವನ ಭುಜಕ್ಕೂ ಬರುತ್ತಿರಲಿಲ್ಲ. ಎಲಿಯಾಸ್ ತೊಡೆಯ ಮೇಲೆ ಗೇಣು ಹಾಕಿದ, ಭರಣಿಯ ಮೇಲೆ ಹಾಕಿದ, ಮತ್ತೆ ತೊಡೆಯ ಮೇಲೆ. ಒಂದು ಬೆರಳಿನಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಅವಳು ಹೊತ್ತುಕೊಂಡು ಹೋಗಬೇಕೆಂದಿದ್ದದ್ದು ಅವನನ್ನು.

"ಎಲಿಯಾಸಾಬ್," ಹಿಲ್ಡಾ ಬಾಗಿಲು ತಟ್ಟಿದಳು. "ಗಂಜಿ ತಣ್ಣಗಾಗ್ತದೆ. ಬರ್ತೀರಾ?"

"ಬಂದೆ," ಎಂದ ಅವನು, ಭರಣಿಯ ಬಾಯಿಯತ್ತ ಬಗ್ಗಿಕೊಂಡೇ.

ಭರಣಿಯೊಳಗಿಂದ, ದೂರದ ಯಾವುದೋ ಗುಡ್ಡದಿಂದ ಬಂದಂತೆ, ಅವನದೇ ದನಿ ಉತ್ತರ ಕೊಟ್ಟಿತು.