ಗೌತಮಿಯ ತಟ್ಟೆಗೆ ಮುದ್ದೆ

ನಮ್ಮತ್ತೆ ರಾಮಮ್ಮನವರ ಪ್ರಕಾರ ಮಕ್ಕಳಲ್ಲಿ ಎರಡೇ ಬಗೆ: ಗುಂಡಗಿರುವವರು, ಹೊಟ್ಟೆಗಿಲ್ಲದವರು. ಹಾಗಾಗಿ ನನ್ನ ಮಗಳು ಗೌತಮಿ ನಾಲ್ಕನೇ ಕ್ಲಾಸಿನಲ್ಲೇ ಏಳನೇ ಕ್ಲಾಸಿನವರ ಯೂನಿಫಾರಂ ಹಾಕುವಂತಾದಾಗ ನಮ್ಮ ಬೀದಿಯಲ್ಲಿ ಹೆಮ್ಮೆಪಟ್ಟವರು ಅವರೊಬ್ಬರೇ.

ನಂಜನಗೂಡಿನ ಡಾಕ್ಟರು ಮಗುವಿನ ತೂಕ ನೋಡಿ, ಕತ್ತಿನ ಹಿಂದಿನ ಕಪ್ಪು ನೋಡಿ, ಹೀಗೇ ಬಿಟ್ಟರೆ ಹೈಸ್ಕೂಲಿಗೆ ಹೋಗುವಷ್ಟರಲ್ಲಿ ಸಕ್ಕರೆ ಕಾಯಿಲೆ ಬರಬಹುದು ಅಂದರು. ಅನ್ನ ಕಡಿಮೆ ಮಾಡಿ, ಬೇಕರಿ ತಿಂಡಿ ಬಿಡಿಸಿ, ರಾಗಿ, ಸೊಪ್ಪು, ಕಾಳು ಕೊಡಿ ಅಂದರು. ನನಗೆ ಭಯವಾಯಿತು. ಅತ್ತೆ ಮಾತ್ರ ಮನೆಗೆ ಬಂದವರೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬಚ್ಚಲ ಒಲೆಗೆ ಹಾಕಿದರು. ಡಾಕ್ಟರ ಕಣ್ಣೇ ಬಿದ್ದಿದೆಯಂತೆ!

ನಾನು ಹೆಡತಲೆ ಊರಿನ ಕಡೆಯವಳು. ನಮ್ಮದು ಮಳೆ ನಂಬಿದ ಹೊಲ. ಮುದ್ದೆ, ಬಸ್ಸಾರು ತಿಂದೇ ಬೆಳೆದವಳು. ಅತ್ತೆಯ ತವರು ಹೆಮ್ಮಿಗೆ, ನಾಲೆ ನೀರಿನ ಗದ್ದೆಸೀಮೆ. ಅನ್ನ ಉಂಡು ಬೆಳೆದವರು, ಅದಕ್ಕೇ ಮುದ್ದೆಯೆಂದರೆ ತಾತ್ಸಾರ ಎಂದು ತಿಳಿದಿದ್ದೆ. ಮನೆಯೊಳಕ್ಕೆ ಅವರು ರಾಗಿ ಹಿಟ್ಟನ್ನೇ ಬಿಡುತ್ತಿರಲಿಲ್ಲ. ನನ್ನ ಗಂಡ ಮಹೇಂದ್ರ ತಾಂಡ್ಯದ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಮುದ್ದೆ ತಿಂದು ಬಂದು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ತಾಯಿಯ ಮುಂದೆ ಸುಮ್ಮನೆ ಕೂರುತ್ತಿದ್ದರು.

ಆ ಭಾನುವಾರ ನಾನು ಧೈರ್ಯ ಮಾಡಿ ಮುದ್ದೆ ಕಟ್ಟಿ ಗೌತಮಿಯ ತಟ್ಟೆಗೆ ಹಾಕಿದೆ. ಅತ್ತೆ ಆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬೇರೆ ತಟ್ಟೆಯಲ್ಲಿ ಅನ್ನ ಬಡಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಮಗು ಕಾಯಿಲೆ ಬಿದ್ದರೂ ಸರಿ, ನಿಮ್ಮ ಜಂಬ ಮಾತ್ರ ಮುಕ್ಕಾಗಬಾರದು ಎಂದುಬಿಟ್ಟೆ.

"ಜಂಬ ಅಲ್ಲ ಕಣವ್ವ," ಅಂದರು ಅತ್ತೆ. "ಗದ್ದೇಲಿ ನಾಟಿ ಆಕೋರು ನಾವು, ಅನ್ನ ಉಣ್ಣೋರು ಗದ್ದೆ ಯಜಮಾನ್ರು. ಸಂಜೆ ಅವ್ರ ದೊಡ್ಡಮನೆ ಇತ್ತಲಲ್ಲಿ ಸೆರಗೊಡ್ಡಿ ನಿಂತ್ರೆ, ಮೇಲಿಂದ ತಂಗಳು ಮುದ್ದೆ ಎಸೆಯೋರು. ನನ್ ಮನೆ ಮಕ್ಕಳ ತಟ್ಟೆಗೆ ಅದು ಬೀಳಕೂಡ್ದು ಅಂತ ಅವತ್ತೇ ಅಂದ್ಕಂಡೆ."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದರೂ ಇದನ್ನು ನಾನು ಕೇಳಿಯೇ ಇರಲಿಲ್ಲ. ಆ ಮುದ್ದೆಯನ್ನು ನಾನೇ ತಿಂದೆ. ಆದರೆ ಅತ್ತೆಯ ನೋವು ನಿಜವೆಂದು ಡಾಕ್ಟರ ಮಾತು ಸುಳ್ಳಾಗುವುದಿಲ್ಲವಲ್ಲ.

ಮುಂದಿನ ವಾರ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೆಮ್ಮಿಗೆಗೆ ಹೋದೆವು. ಊಟವಾದ ಮೇಲೆ ಅತ್ತೆ ಮೊಮ್ಮಗಳಿಗೆ ಗದ್ದೆ ತೋರಿಸಲು ಹೊರಟರು. ಅವರು ಬದುವಿನ ಮೇಲೆ ಸರಸರ ನಡೆದರೆ, ಮಗು ಅಲ್ಲಲ್ಲಿ ಕೂತು ಕೂತು ಬಂತು. ಊರಿನ ಮಕ್ಕಳು ಸಣ್ಣ ಕಾಲುವೆ ಹಾರಿ ಆಚೆ ನಿಂತು ಅವಳನ್ನೂ ಕರೆದರು. ಗೌತಮಿ ಹಾರಲಿಲ್ಲ.

"ನಂಗೆ ಆಗಲ್ಲ ಅಜ್ಜಿ, ಎದೆ ಹೊಡ್ಕೋತದೆ," ಅಂದಳು.

ಅತ್ತೆ ಅವಳ ಎದೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ವಾಪಸು ಬರುವಾಗ ಟಿ. ನರಸೀಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ನಮ್ಮನ್ನು ಸ್ಟ್ಯಾಂಡಿನಲ್ಲಿ ಕೂರಿಸಿ ಎಲ್ಲಿಗೋ ಹೋದ ಅತ್ತೆ ರಾಗಿ ಹಿಟ್ಟಿನ ಚೀಲ ಹಿಡಿದು ಬಂದರು.

ಮಾರನೆಯ ದಿನ ಒಲೆಯ ಮುಂದೆ ನಿಂತು ಕೋಲು ಹಿಡಿದು ಹಿಟ್ಟು ತೊಳಸಿದವರು ಅವರೇ. ಒಂದು ಗಂಟೂ ಇರಲಿಲ್ಲ. ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡ ಮುದ್ದೆ ಕಟ್ಟಿ, ನೆಲದ ಮೇಲೆ ಕೂತು, ತಟ್ಟೆಯಲ್ಲಿ ಮೆಲ್ಲಗೆ ಇಟ್ಟು ಬಸ್ಸಾರು ಬಿಟ್ಟರು. ಅಗಿಯದೆ ನುಂಗುವುದನ್ನು ತಾವೇ ತಿಂದು ತೋರಿಸಿದರು. ಗೌತಮಿ ಮುಖ ಸಿಂಡರಿಸಿದಳು, ಆಮೇಲೆ ನಕ್ಕಳು, ಹೇಗೋ ಮುಗಿಸಿದಳು. ಮೇಲೆ ಒಂದು ಸೌಟು ಅನ್ನ, ಮಜ್ಜಿಗೆ.

"ಇನ್ನೊಂಚೂರು ಅನ್ನ ಹಾಕಜ್ಜಿ," ಎಂದು ಮಗು ತಟ್ಟೆ ಮುಂದೊಡ್ಡಿತು.

ಅತ್ತೆಯ ಸೌಟು ಅನ್ನದ ಪಾತ್ರೆಗೆ ಇಳಿದು ಅಲ್ಲೇ ನಿಂತಿತು. ತಟ್ಟೆಯೊಡ್ಡಿದ ಮಗುವಿಗೆ ಇಲ್ಲ ಅನ್ನುವುದು ಅವರಿಗೆ ಎಂಥ ಸಂಕಟವೆಂದು ಈಗ ನನಗೆ ಗೊತ್ತಿತ್ತು. ಆ ಮಾತನ್ನು ನಾನೇ ಹೇಳಿ ಕೆಟ್ಟವಳಾಗೋಣವೆಂದು ಬಾಯಿ ತೆರೆದೆ.

"ಸಾಕು ಕಣವ್ವ," ಎಂದು ಅತ್ತೆಯೇ ಮಗುವಿಗೆ ಅಂದರು. ಸೌಟು ಬಿಟ್ಟು, ಪಾತ್ರೆಗೆ ಮುಚ್ಚಳ ಮುಚ್ಚಿ, ಕೈಯನ್ನು ಅದರ ಮೇಲೇ ಇಟ್ಟುಕೊಂಡು ಕೂತರು.