ಬುಡದ ಚೀಲ

"ನೀರು ಎಲ್ಲಿ ಮಾರ್ಕೊಂಡೆ, ಬೋಳಿಮಗಳೆ? ಬೊಗಳು!"

ಸೂಪರ್‌ವೈಸರ್ ಅಮ್ಮನ ಕೊಡವನ್ನು ಒದ್ದ. ಅದು ಡಾಂಬರಿನ ಮೇಲೆ ಉರುಳಿ, ಒಣಗಿದ ಗಿಡವೊಂದರ ಕಬ್ಬಿಣದ ಬೇಲಿಗೆ ತಾಗಿ ನಿಂತಿತು. ಚೆಲ್ಲಿದ ನೀರು ನೋಡನೋಡುತ್ತಲೇ ಆರಿತು.

"ಮಾರಿಲ್ಲ ಸ್ವಾಮಿ. ದಿನ ಬಿಟ್ಟು ದಿನ ಎರಡೆರಡು ಕೊಡ ಹಾಕಿದೀನಿ. ನನ್ ಮಗಳಾಣೆ."

ಆ ಮಗಳು ನಾನು. ಪದವಿ ಮುಗಿಸಿ, ಬೇರೆ ಕೆಲಸ ಸಿಗದೆ, ಅಮ್ಮನ ಹಿಂದೆ ಕೊಡ ಹೊರುವವಳು. ಜೊತೆಯ ಹೆಂಗಸರು ನನಗಿಟ್ಟ ಹೆಸರು ಮೂಕಿ.

ಸೂಪರ್‌ವೈಸರ್ ಪಕ್ಕದಲ್ಲಿ ಮೇಡಂ ಕೊಡೆ ಹಿಡಿದು ನಿಂತಿದ್ದಳು. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವಳು, ಈಗ ನಗರದ ಮರಗಳ ತಜ್ಞೆ. ಅವಳ ಬಿಳಿ ಬೂಟು, ಬೆವರದ ಕತ್ತು, ಎಲ್ಲವನ್ನೂ ನಾನು ಡೈರಿಯಲ್ಲಿ ಬರೆದು, ಮತ್ತೆ ಗೀಚಿ ಅಳಿಸುತ್ತೇನೆ. ನನ್ನ ಹೊಟ್ಟೆಯಲ್ಲಿ ಉರಿಯುವುದಕ್ಕೆ ಬರಿ ಕಿಚ್ಚು ಎಂದರೆ ಕಡಿಮೆಯಾದೀತು.

ಅದೇ ಡೈರಿಯಲ್ಲಿ ಎರಡು ಬೇಸಿಗೆ ಬರೆದಿಟ್ಟಿದ್ದೆ: ಯಾವ ಗಿಡ ಬಿಸಿಗಾಳಿಗೆ ಮೊದಲು ಎಲೆ ಸುಟ್ಟುಕೊಂಡಿತು, ಯಾವುದು ಗೋಡೆಯ ಝಳ ತಡೆದು ಚಿಗುರಿತು, ಯಾವುದರ ಬೇರು ಕಲ್ಲುಹಾಸು ಎತ್ತಿತು. "ಒಂದ್ಸಲ ನೋಡಿ ಕೊಡ್ತೀನಿ ಕಣೆ" ಎಂದು ಮೇಡಂ ಒಯ್ದಳು. ಡೈರಿ ವಾಪಸ್ ಬಂತು. ವಾರದೊಳಗೆ ಅವಳ ಹೆಸರಿನಲ್ಲಿ, ಬಿಸಿಲು ತಾಳುವ ಗಿಡಗಳ ಪಟ್ಟಿಯೂ ಬಂತು. ಅದರ ಪ್ರಕಾರವೇ ಈ ಬೀದಿಗೆ ನಲವತ್ತು ಗಿಡ ನೆಟ್ಟಿದ್ದು; ಈಗ ನಲವತ್ತೂ ಒಣಗಿದ್ದವು. ನೆಟ್ಟ ದಿನ ವೇದಿಕೆಯ ಮೇಲಿದ್ದ ಅವಳಿಗೆ ಅಮ್ಮ ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ್ದಳು.

"ಎಷ್ಟ್ ಚೆನ್ನಾಗ್ ಮಾತಾಡ್ತದೆ ನೋಡೇ ಆ ಹುಡುಗಿ! ನಿನಗೂ ಐತೆ ಬಾಯಿ, ಉಣ್ಣೋದಕ್ಕೆ."

ಪಟ್ಟಿ ನನ್ನದೆಂದು ನಾನು ಅಮ್ಮನಿಗೂ ಹೇಳಲಿಲ್ಲ.

ಈಗ ಮೇಡಂ ಕನ್ನಡಕ ಏರಿಸಿಕೊಂಡಳು. "ಈ ಜಾತಿ ನಲವತ್ತೈದು ಡಿಗ್ರೀಲೂ ಸಾಯಲ್ಲ. ಪಟ್ಟಿ ತಪ್ಪಿರೋಕೆ ಸಾಧ್ಯಾನೇ ಇಲ್ಲ."

"ಕೇಳಿದ್ಯಾ? ಅಂದ್ಮೇಲೆ ಕೊಂದಿದ್ದು ನೀನೇ. ನಾಳೆಯಿಂದ ಬರಬೇಡಿ, ತಾಯಿ ಮಗಳು ಇಬ್ರೂ."

ಮೇಡಂ ಹೇಳಿದ್ದು ನನ್ನ ಡೈರಿಯದೇ ವಾಕ್ಯ. ನಿಜವೂ ಹೌದು. ಅದನ್ನೇ ಹಗ್ಗ ಮಾಡಿ ಅಮ್ಮನ ಕೊರಳಿಗೆ ಹಾಕಿದ್ದರು.

ಅಮ್ಮ ಕುಕ್ಕರಿಸಿ ಕಾಂಡವನ್ನು ಉಗುರಿನಿಂದ ಕೆರೆದಳು. ಜೀವವಿದ್ದರೆ ತೊಗಟೆಯ ಕೆಳಗೆ ಹಸಿರಿರುತ್ತದೆ. ಇಲ್ಲಿ ಕಂದು. ಗಿಡವನ್ನು ಸವರಿ "ಹೋದೆಯಲ್ಲೇ ತಾಯಿ" ಎಂದಳು. ಆ ಸತ್ತ ಗಿಡದ ಮೇಲೂ ನನಗೆ ಹೊಟ್ಟೆಯುರಿಯಿತು. ಅವಳು ನನ್ನನ್ನು ಹಾಗೆ ಸವರಿ ವರ್ಷಗಳಾಗಿದ್ದವು.

ಕೊಂದದ್ದೇನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನೆಟ್ಟ ದಿನ ದೊಡ್ಡವರು ಉದ್ಘಾಟನೆಗೆ ಬರುವ ಹೊತ್ತು. ಬೇರಿನ ಪ್ಲಾಸ್ಟಿಕ್ ಚೀಲ ಸೀಳಲು ಅಮ್ಮ ಎತ್ತಿದ ಕುಡುಗೋಲನ್ನು ಇದೇ ಸೂಪರ್‌ವೈಸರ್ ಕಿತ್ತುಕೊಂಡಿದ್ದ. "ಚೀಲ ಸಮೇತ ಇಳಿಸ್ರೇ! ಮಣ್ಣೊಳಗಿರೋದನ್ನ ಯಾವನು ನೋಡ್ತಾನೆ?"

"ಹೇಳಮ್ಮ" ಎಂದು ಪಿಸುಗುಟ್ಟಿದೆ.

"ಸುಮ್ನಿರೇ. ನೆಟ್ಟ ಕೈ ನಮ್ದೇ ಅಲ್ವಾ? ನಮ್ ತಲೆಗೇ ಕಟ್ತಾರೆ."

ನಾನು ಕೊಡ ಕೆಳಗಿಟ್ಟೆ. ಬೇಲಿಯ ಕೊಂಡಿ ತೆಗೆದು, ಎರಡೂ ಕೈಯಲ್ಲಿ ಗಿಡ ಹಿಡಿದು ಜಗ್ಗಿದೆ. ಚೀಲದ ಸಮೇತ ಬಂತು. ಒಳಗೆ ಬೇರುಗಳು ದಾರಿ ಹುಡುಕಿ ಹುಡುಕಿ ಸುತ್ತಿ ಸಿಂಬೆಯಾಗಿದ್ದವು. ತಂದು ಆ ಬಿಳಿ ಬೂಟುಗಳ ಮೇಲೆ ಇಟ್ಟೆ.

"ಏಯ್ ಮೂಕಿ, ತಲೆ ಕೆಟ್ಟಿದೆಯೇನೇ?" ಸೂಪರ್‌ವೈಸರ್ ಅರಚಿದ.

ಎರಡನೆಯದನ್ನು ಕಿತ್ತೆ. ಅದಕ್ಕೂ ಚೀಲ.

"ನನಗ್ಯಾರೂ ಇದನ್ನ ಹೇಳ್ಲಿಲ್ಲ..." ಮೇಡಂ ಕೊಡೆ ವಾಲಿತು. ಬಿಸಿಲು ಅವಳ ಕತ್ತಿಗೂ ಬಿತ್ತು.

ನಾನು ಮೂರನೆಯದಕ್ಕೆ ಕೈ ಹಾಕಿದಾಗ ಬೀದಿಯ ಆ ತುದಿಯಲ್ಲಿ ಬೇಲಿಯ ಕೊಂಡಿಯೊಂದು ಕಿರುಗುಟ್ಟಿತು. ಅಮ್ಮ ಯಾವಾಗಲೋ ಅಲ್ಲಿಗೆ ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಆ ಕಡೆಯಿಂದ ನೀನ್ ಕೀಳ್ತಾ ಬಾರೇ," ಕೂಗಿದಳು, "ಈ ಕಡೆಯಿಂದ ನಾನ್ ಬರ್ತೀನಿ."