ತಾನೇ ಸುರಿದುಕೊಂಡ ಚಹಾ

"ನಮ್ಮ ಲೋಟಕ್ಕೆ ನಾವೇ ಹಾಕ್ಕೋಬಾರದು, ಪಕ್ಕದವರು ಹಾಕ್ಬೇಕು," ಎನ್ನುತ್ತ ಮುಕುಂದ ಬಲ ಮಣಿಕಟ್ಟಿಗೆ ಎಡಗೈ ಆನಿಸಿ, ತಾಯಿಯ ಲೋಟಕ್ಕೆ ಬಾರ್ಲಿ ಚಹಾ ಸುರಿದ. "ಕೊರಿಯಾದವರು ಡ್ರಿಂಕ್ಸಿಗೆ ಇಟ್ಕೊಂಡಿರೋ ರೂಲು. ನಮಗೆ ಟೀನೇ ಗತಿ. ತಾನೇ ಹಾಕ್ಕೊಂಡ್ರೆ ಎದುರಿಗೆ ಕೂತೋರಿಗೆ ಮೂರು ವರ್ಷ ಮದುವೆ ಆಗಲ್ವಂತೆ."

ವೈದೇಹಿ ಅತ್ತೆ ನಕ್ಕರು. "ನಿಮ್ಮ ಎದುರಿಗೆ ಕೂತಾಕಿ ನಮ್ಮ ಇಂದು. ನೀರು ಬೇಕಂದ್ರೂ ಬಾಯಿಬಿಟ್ಟು ಕೇಳಾಕಿ ಅಲ್ಲ. ಧೈರ್ಯಲೆ ಇರ್ರಿ."

ಧಾರವಾಡದಲ್ಲಿ ಎಂ.ಎ. ಮುಗಿಸಿ, ಮೂರು ವಾರ ಲಂಡನ್ ನೋಡಲೆಂದು ಕಿಂಗ್ಸ್‌ಬರಿಯಲ್ಲಿರುವ ಈ ಅತ್ತೆಯ ಮನೆಗೆ ಬಂದವಳು ಇಂದು. ನ್ಯೂ ಮಾಲ್ಡನ್ನಿನ ಕೊರಿಯನ್ ಹೋಟೆಲಿನ ಈ ಊಟ ತನ್ನನ್ನು ಗಂಡಿನ ಕಡೆಯವರಿಗೆ ತೋರಿಸುವ ಊಟವೆಂದು ಅವಳಿಗೆ ತಿಳಿದದ್ದು ವಾಟರ್‌ಲೂದಲ್ಲಿ ರೈಲು ಬದಲಿಸುವಾಗ.

ಆದರೂ ಊಟ ಅವಳನ್ನು ಸೆಳೆದಿತ್ತು. ಬಾಳೆಲೆಯ ತುದಿಗೆ ಕೋಸಂಬರಿ, ಪಲ್ಯ ಬಂದು ಕೂರುವಂತೆ ಇಲ್ಲಿ ಅನ್ನಕ್ಕೆ ಮೊದಲೇ ಪುಟ್ಟ ಬಟ್ಟಲುಗಳು ಬಂದಿದ್ದವು: ಎಳ್ಳೆಣ್ಣೆಯ ಪಾಲಕ್, ಮೊಳಕೆಕಾಳು, ಹುಳಿ ಮೂಲಂಗಿ. ಡೈರಿಯಲ್ಲಿ ಬರೆದುಕೊಳ್ಳಲು ಅವಳು ಒಂದೊಂದನ್ನೇ ರುಚಿ ನೋಡುತ್ತಿದ್ದಳು.

ಮುಕುಂದನ ತಾಯಿ ಡಾಕ್ಟರ್ ಕಲ್ಯಾಣಿ, ಮೈಸೂರಿನವರು, ಮೊಬೈಲಿನಲ್ಲಿ ಕ್ಯಾಲೆಂಡರ್ ತೆರೆದರು. "ನವೆಂಬರ್‌ನಲ್ಲಿ ಮುಹೂರ್ತ ಇದೆ. ಅದ್ಯಾವುದೋ ಕಾಲೇಜಿನ ಕೆಲಸ ಅಂದ್ರಲ್ಲ, ಬರಲ್ಲ ಅಂತ ಈಗಲೇ ಬರೆದುಬಿಡಲಿ."

"ಬರೀತಾಳ ತಗೋರಿ. ಆಕಿ ಯಾವತ್ತ ಒಲ್ಲೆ ಅಂದಾಳ?" ಎಂದರು ಅತ್ತೆ.

ಆ ಕೆಲಸದ ಪತ್ರ ಬಂದು ಒಂದು ವಾರವಾಗಿತ್ತು. ಪದವಿ ತರಗತಿಗಳಿಗೆ ಇತಿಹಾಸ ಪಾಠ; ಒಂದನೇ ತಾರೀಖಿಗೆ ಹಾಜರಾಗಬೇಕು. ಇಂದು ಅದನ್ನು ಬಾಯಿಪಾಠ ಬರುವಷ್ಟು ಸಲ ಓದಿದ್ದಳು. ಒಲ್ಲೆ ಎನ್ನಲು ತಲೆಯೆತ್ತಿದಳು. ಎದುರಿಗೆ ತಾಯಿ, ಮಗ, ಪಕ್ಕದಲ್ಲಿ ಅತ್ತೆ, ಮೂವರ ತಲೆಗಳೂ ಮೊಬೈಲಿನ ಮೇಲೆ ಬಾಗಿದ್ದವು. ಅವಳ ಲೋಟ ಬರಿದಾಗಿ ಎಷ್ಟು ಹೊತ್ತಾಗಿತ್ತೋ, ನಿಯಮ ಕಲಿಸಿದವನೂ ನೋಡಿರಲಿಲ್ಲ.

ಅವಳು ಚಹಾದ ಹೂಜಿಯನ್ನು ಎಳೆದುಕೊಂಡಳು. ಒಂದೇ ಕೈಯಲ್ಲಿ ಎತ್ತಿ, ಮುಕುಂದ ತಲೆಯೆತ್ತುವವರೆಗೆ ನಿಧಾನವಾಗಿ, ತನ್ನ ಲೋಟವನ್ನು ಕಂಠಮಟ್ಟ ತುಂಬಿಸಿಕೊಂಡಳು.

"ಪಾಪ, ಆಕಿಗೆ ಲಕ್ಷ್ಯ ಇರಲಿಲ್ರಿ," ಎಂದು ಅತ್ತೆ ಮೇಜಿನ ಕೆಳಗೆ ಅವಳ ಕಾಲು ತುಳಿದರು.

"ಲಕ್ಷ್ಯ ಇತ್ತು ಅತ್ತಿ. ಗೊತ್ತಿದ್ದೇ ಹಾಕ್ಕೊಂಡೆ." ಅವಳು ಹೂಜಿಯನ್ನು ಕೆಳಗಿಟ್ಟಳು. "ಒಂದನೇ ತಾರೀಖಿಗೆ ನಾ ಕಾಲೇಜಿಗೆ ಹಾಜರಾಗ್ತೀನಿ. ಇವರು ಮೂರು ವರ್ಷ ಕಾಯೋದು ಬ್ಯಾಡ, ನವೆಂಬರ್‌ದಾಗ ಬ್ಯಾರೆಯಾಕಿನ್ನ ಮಾಡ್ಕೊಳ್ಳಲಿ."

"ಅದು ಜೋಕ್ ಕಣ್ರೀ," ಎಂದ ಮುಕುಂದ.

"ನಂದಲ್ಲ," ಎಂದಳು ಇಂದು.

ಅಷ್ಟರಲ್ಲಿ ಹೋಟೆಲಿನ ಮುದುಕಿ ಬಂದು ಅನ್ನ, ತರಕಾರಿ ತುಂಬಿದ ಕಾದ ಕಲ್ಲಿನ ಬೋಗುಣಿಯೊಂದನ್ನು ಅವಳ ಮುಂದಿಟ್ಟು, ಚೆನ್ನಾಗಿ ಕಲಸಬೇಕೆಂದು ಕೈಸನ್ನೆ ಮಾಡಿ ಹೋದಳು. ಬೋಗುಣಿಯ ತಳದಲ್ಲಿ ಅನ್ನ ಇನ್ನೂ ಚಟಚಟ ಎನ್ನುತ್ತಿತ್ತು. ಇಂದು ಚಮಚವನ್ನು ತಳದವರೆಗೂ ಇಳಿಸಿ, ಸೀದು ಹತ್ತಿಕೊಂಡಿದ್ದ ಹೊಂಬಣ್ಣದ ಪದರವನ್ನು ಎಬ್ಬಿಸತೊಡಗಿದಳು.